ಅಕ್ಕೋರು ಬರೆದ ಪ್ರಶ್ನೆ

ಪರೀಕ್ಷೆಯಲ್ಲಿ ನಪಾಸಾದವರನ್ನು ಕಂಡಾಗ, ತಪ್ಪು ಪ್ರಶ್ನೆಯದೂ ಇರಬಹುದೆಂದು ನೀವು ಎಂದಾದರೂ ಶಂಕಿಸಿದ್ದೀರಾ? ನಮ್ಮ ಅಕ್ಕೋರು ಪ್ರತಿಸಲವೂ ಶಂಕಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಪ್ರಶ್ನೆಪತ್ರಿಕೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದುವರು.

“ವಾಸನಿ ನೋಡಾಕತ್ತೀರೇನ್ರಿ?” ಎಂದು ಕೆಣಕಿದರೆ, “ಹೂಂ. ಪ್ರಶ್ನಿ ಹಳಸಿದ್ರ ಮೊದ್ಲ ಮೂಗಿಗೇ ತಿಳೀತದ” ಎನ್ನುವರು.

ಹಗಲು ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದ ಅವರು, ಸಂಜೆ ರಾಯಾಪುರದ ತಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಪಾಠ ಹೇಳುತ್ತಿದ್ದರು. ನಾನು ಆ ಚಾಪೆಯ ಮೇಲೆ ಕುಳಿತು ಕಲಿತವನು. ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ವೃತ್ತಿಪರರ ಸಂಘವೊಂದು ಹೊಸ ಅರ್ಹತಾ ಪರೀಕ್ಷೆಯನ್ನು ರೂಪಿಸಹೊರಟು, ಸ್ವಯಂಸೇವೆಯಿಂದ ಪ್ರಶ್ನೆ ಬರೆಯಬಲ್ಲವರನ್ನು ಕರೆಯಿತು. ಅಕ್ಕೋರು ಹೋದರು, ನನ್ನನ್ನೂ ಎಳೆದೊಯ್ದರು.

“ಕಾಲೇಜಿನ್ಯಾಗ ಚರ್ಚಾಸ್ಪರ್ಧಾ ಗೆದ್ದಾಂವ ನೀ. ತಪ್ಪು ಉತ್ತರದ ಪರ ವಕೀಲಿ ಮಾಡು. ನೀ ಗೆದ್ರ, ಆ ಪ್ರಶ್ನಿ ತಿಪ್ಪಿಗಿ.”

ಹಾಗೆ ನಾನು ವಾದಿಸಿ ಕೆಡವಿದ ಪ್ರಶ್ನೆಗಳಲ್ಲಿ ಅಕ್ಕೋರವೇ ಹೆಚ್ಚು. ಅವರಿಗೆ ಅದೇ ಸಂತೋಷ.

ಒಮ್ಮೆ ಪ್ರಶ್ನೆ ಬರೆಯುವ ನಮ್ಮ ಗುಂಪಿನ ಸದಸ್ಯರೊಬ್ಬರು, ವಿಮಾನದ ಒಂದೇ ಆಸನವನ್ನು ಇಬ್ಬರು ಏಕಕಾಲಕ್ಕೆ ಕಾಯ್ದಿರಿಸಿದರೆ ದಾಖಲೆ ಕೆಡದಂತೆ ಕಾಪಾಡುವುದು ಹೇಗೆ ಎಂಬ ಪ್ರಶ್ನೆ ತಂದರು.

“ಇದು ವಿಮಾನ ಹತ್ತಿದವ್ರಿಗಷ್ಟ ಪರೀಕ್ಷಾ ಏನ್ರಿ?” ಎಂದರು ಅಕ್ಕೋರು.

“ಹಂಗಾರ ನೀವ ಬರೀರಲ್ಲ” ಎಂದರು ಅವರು.

ಅಕ್ಕೋರು ಬರೆದರು: ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿ, ಎರಡು ಕಂಪ್ಯೂಟರು, ಒಂದೇ ಹತ್ತಿ ಮೂಟೆಯನ್ನು ಒಟ್ಟಿಗೇ ಮಾರಿದ ಇಬ್ಬರು ಗುಮಾಸ್ತರು. ಅದರ ವಿರುದ್ಧ ನನ್ನ ವಾದ ನಡೆಯಲಿಲ್ಲ.

ಆದರೆ ಒಂದು ನಿಯಮವಿತ್ತು. ಪ್ರಶ್ನೆ ಬರೆದವರು ಆ ಪರೀಕ್ಷೆಗೆ ಕೆಲಕಾಲ ಪಾಠ ಹೇಳುವಂತಿಲ್ಲ. ಪರೀಕ್ಷೆ ಚಾಲ್ತಿಯಲ್ಲಿರುವವರೆಗೆ ಯಾವ ಪ್ರಶ್ನೆ ಯಾರದೆಂದು ಬಾಯಿಬಿಡುವಂತಿಲ್ಲ. ಅಕ್ಕೋರು ಚಾಪೆ ಸುತ್ತಿಟ್ಟರು. ಅದೇ ಪರೀಕ್ಷೆಗೆ ಓದಲು ಗರಗದಿಂದ ಬರುತ್ತಿದ್ದ ನೇಕಾರರ ಮಗಳೊಬ್ಬಳು ಬಾಗಿಲಲ್ಲೇ ನಿಂತಳು.

“ಪರೀಕ್ಷಾ ಹತ್ರ ಬಂತ್ರಿ ಅಕ್ಕೋರ. ಈಗ ಕೈ ಬಿಟ್ರ ಹೆಂಗ್ರಿ?”

“ಈಗ ನಾ ಕಲಿಸಿದ್ರ, ನೀ ಪಾಸಾದದ್ದು ಖರೇ ಅಂತ ಯಾರೂ ನಂಬಂಗಿಲ್ಲವ್ವಾ.”

“ದೊಡ್ಡ ಮಂದಿ ಜೋಡಿ ಕುಂತ್ರಿ, ನಾವು ಬ್ಯಾಡಾದ್ವಿ!”

ಅವಳು ಹೋದ ಮೇಲೆ ಅಕ್ಕೋರು ಚಾಪೆಯ ಧೂಳು ಕೊಡವಿ ಮತ್ತೆ ಸುತ್ತಿಟ್ಟರು. “ಅವಧಿ ಮುಗೀಲಿ, ಮತ್ತ ಚಾಪಿ ಹಾಸೂಣು” ಎಂದರು. ಅವಧಿ ಮುಗಿಯುವ ಮೊದಲೇ ಕ್ಯಾನ್ಸರ್ ಅವರನ್ನು ಒಯ್ದಿತು.

ಅಂತ್ಯಕ್ರಿಯೆಯ ದಿನ ಅವಳು ಬಂದಳು. “ಪಾಸಾದ್ನಿರಿ. ‘ನೀವು ಕಲಿಸದಿದ್ರೂ ಪಾಸಾದ್ನಿ’ ಅಂತ ಅಕ್ಕೋರ ಮುಂದ ಹೇಳಬೇಕಂತ ಸಿಟ್ಟಿಲೆ ಕಾದಿದ್ನಿ. ಅಡತಿ ಅಂಗಡೀದೊಂದು ಪ್ರಶ್ನಿ ಬಂದಿತ್ರಿ ಅಣ್ಣಾರ. ಓದಿದ ಕೂಡ್ಲೆ ಅಂಜಿಕಿ ಹೋತು. ಅದನ್ನ ಬರದವ್ರು ಯಾರೋ, ಪುಣ್ಯಾತ್ಮರು” ಎಂದು ಬಿಕ್ಕಿದಳು.

ವಾದವನ್ನೇ ಕಲಿತ ನನಗೆ ಅಂದು ಒಂದು ಮಾತನ್ನೂ ಆಡುವ ಅಧಿಕಾರವಿರಲಿಲ್ಲ. ಈಗ ಆ ಪರೀಕ್ಷೆಯೇ ಇಲ್ಲ; ಕೊಟ್ಟ ಮಾತು ತೀರಿತು. ತಂಗೀ, ನೀನು ಎಲ್ಲೇ ಇದ್ದರೂ ಓದು: ಆ ಪ್ರಶ್ನೆ ಅಕ್ಕೋರದು.

ಓದುಗರಲ್ಲಿ ನನ್ನದೊಂದೇ ಬೇಡಿಕೆ. ನೀವು ಬಲ್ಲ ಕಸುಬಿಗೆ ಯಾರಾದರೂ ಪರೀಕ್ಷೆ ರೂಪಿಸುತ್ತಿದ್ದರೆ, ದಯವಿಟ್ಟು ಹೋಗಿ, ಒಂದು ನ್ಯಾಯವಾದ ಪ್ರಶ್ನೆ ಬರೆದುಕೊಡಿ.