ತೊಂದೂರಿನಲ್ಲಿ ಬೆಂದ ಟರ್ಕಿ ಕೋಳಿ

ಊರಿನ ಬಸ್ಸಿಗೆ ಕಾಯುತ್ತಾ ಕಲ್ಯಾಣ್ ಬಸ್ ನಿಲ್ದಾಣದಲ್ಲಿ ಕುಳಿತು ಬರೆಯುತ್ತಿದ್ದೇನೆ, ಮೊಮ್ಮಕ್ಕಳೇ. ನಿನ್ನೆ ನೀವು ಶಾಲೆಗೆ ಹೋದ ಮೇಲೆ ನಿಮ್ಮ ಡೊಂಬಿವಲಿಯ ಮನೆಯಲ್ಲಿ ನಡೆದದ್ದು ಇದು.

ಕೆಲಸವಿಲ್ಲದೆ ಕುಳಿತಿದ್ದ ನಿಮ್ಮಪ್ಪ ಹಡಗಿನ ಸಾಹೇಬರೊಬ್ಬರನ್ನು ಊಟಕ್ಕೆ ಕರೆದಿದ್ದರು. ಹಿಂದೆ ಜಮೈಕಾದಲ್ಲಿ ದುಡಿಯುವಾಗ ಕಲಿತ ಟರ್ಕಿ ಕೋಳಿಯ ಅಡುಗೆ ಅವರಿಗೆ ಹಿಡಿಸಿದರೆ ಹಡಗಿನಲ್ಲಿ ಅಡುಗೆ ಕೆಲಸ ಸಿಗುತ್ತಿತ್ತು. ಅಲ್ಲಿಂದ ತಂದ, ಮೆಣಸಿನಂಥ ಒಂದೇ ಕಾಳನ್ನು ಜಜ್ಜಿದರೆ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಮೂರೂ ಘಮಘಮಿಸಿದವು. ಅದನ್ನು ಹಸಿಮೆಣಸಿನ ಜೊತೆ ಅರೆದು ಸವರಿದ್ದೂ ಆಯಿತು. ಆದರೆ ಹಕ್ಕಿ ಯಾವ ಪಾತ್ರೆಯಲ್ಲೂ ಹಿಡಿಯಲಿಲ್ಲ.

“ತುಂಡು ಮಾಡಿದ್ರೆ ಮುಗೀತು, ಅತ್ತೆ. ಇಡೀ ಹಕ್ಕಿ ಟೇಬಲ್ ಮೇಲೆ ಬರ್ಬೇಕು,” ಎಂದು ನಿಮ್ಮಪ್ಪ ಬೆವರಿದರು.

ನಿಮ್ಮಮ್ಮ ಅಟ್ಟದ ಮೇಲಿನ ತೊಂದೂರನ್ನು ನೋಡಿದಳು, ಆಮೇಲೆ ನನ್ನನ್ನು. ಕೃಷ್ಣಾಷ್ಟಮಿಗೆ ಎಲೆಯ ಕೊಟ್ಟೆಯಲ್ಲಿ ಮೂಡೆ ಇಡ್ಲಿ ಬೇಯಿಸಲೆಂದು ಅವಳ ಮದುವೆಯಲ್ಲಿ ನಾನು ಕೊಟ್ಟ ದೊಡ್ಡ ಹಬೆಪಾತ್ರೆ ಅದು. ಅದಕ್ಕೆ ಅಂದಿನವರೆಗೆ ಮಾಂಸ ಸೋಕಿರಲಿಲ್ಲ.

“ಇಡು,” ಎಂದೆ.

ಹಬೆಯಲ್ಲಿ ಬೆಂದ ಹಕ್ಕಿಯನ್ನು ಶೆಗಡಿ ಒಲೆಯ ಕೆಂಡದ ಮೇಲೆ ಕೆಂಪಗೆ ಸುಟ್ಟೆವು. ಸಾಹೇಬರು ಬಂದು, ತೊಡೆಯೊಂದನ್ನು ಮುರಿದು ತಿಂದರು. ನಿಮ್ಮಮ್ಮನೂ ನಾನೂ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಕೊನೆಗೆ ಬೆರಳು ಚೀಪುತ್ತಾ, “ಸೋಮವಾರ್ ಆ ಜಾ, ಬ್ಯಾಗ್ ಲೇಕೇ,” ಎಂದರು. ಸೋಮವಾರವೇ ಬ್ಯಾಗು ಹಿಡಿದು ಹಡಗಿಗೆ ಬರಬೇಕಂತೆ.

ನಿಮ್ಮಪ್ಪ ನಕ್ಕದ್ದು ಒಳಗೆ ಕೇಳಿಸಿತು. ನಿಮ್ಮಮ್ಮ ಮಾತ್ರ ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಅಷ್ಟಮಿಗಾದ್ರೂ ಇವ್ರನ್ನು ಮನೆಗೆ ಬಿಡ್ತಾರಾ ಕೇಳಮ್ಮ. ನನ್ನಿಂದ ಆಗುದಿಲ್ಲ.”

ಪರಪುರುಷರೆದುರು ಎಂದೂ ಬಾಯಿ ತೆರೆಯದ ನಾನು ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದೆ.