ಏಳನೇ ಗಂಟಿಗೆ ಲಾರಿಯ ಕೀ

ಬೆಳಗಿನ ಆರು ಗಂಟೆ. ಚಿತ್ರದುರ್ಗದ ಹೊರಗೆ, ಹೆದ್ದಾರಿ ಬದಿಯ ಮುದ್ದಪ್ಪನವರ ಗ್ಯಾರೇಜಿಗೆ ಇನ್ನೂ ಚಹಾ ಬಂದಿಲ್ಲ. ನಲವತ್ತೆಂಟರ ಕೆಂಚಕ್ಕ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಳೆಯ ಲಾರಿಯೊಂದರ ಬಂಪರ್ ಹತ್ತಿ ನಿಂತಿದ್ದಾರೆ. ಕೆಳಗೆ ಲಾರಿಯ ಮಾಲೀಕ, ಹಿರಿಯೂರಿನ ಗೊಲ್ಲಪ್ಪ, ಅವರ ಕೈಯನ್ನೇ ನೋಡುತ್ತಿದ್ದಾರೆ. ಆರು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ, ಇದೇ ಲಾರಿಯನ್ನು ಕೆಂಚಕ್ಕ ಕೆಡಿಸಿದ್ದರು. ಅಂದು ಹೋದ ಗೊಲ್ಲಪ್ಪ ಮರಳಿ ಬಂದಿರುವುದು ಇಂದೇ.

"ಕೀ ಕೊಡ್ರಿ," ಎನ್ನುತ್ತಾರೆ ಕೆಂಚಕ್ಕ.

ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯೊಳಗೆ ವರ್ಷಗಟ್ಟಲೆ ಹೊಗೆ, ಎಣ್ಣೆಯ ಆವಿ ಸೇರಿ ಡಾಂಬರಿನಂಥ ಕಪ್ಪು ಕಿಟ್ಟ ಕಟ್ಟುತ್ತದೆ. ಲಾರಿ ಕರಿಹೊಗೆ ಉಗುಳುತ್ತದೆ, ಏರು ಕಂಡರೆ ಏದುಸಿರು ಬಿಡುತ್ತದೆ. "ಮೂಗು ಕಟ್ಕಂಡ್ರೆ ನಾವು ಗುಡ್ಡ ಹತ್ತುತೀವಾ? ಗಾಡೀನೂ ಅಷ್ಟೇರಿ," ಎಂದು ಅವರು, ತಮ್ಮ ಕೆಲಸದ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಕೊಳವೆ ಬಿಚ್ಚಿ, ಹೆರೆದು, ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಲು ನಾಲ್ಕು ತಾಸು ಬೇಕು. ವಾರಕ್ಕೆ ಮೂರು ಲಾರಿ.

ಕೆಂಚಕ್ಕ ಹಿರೇಗುಂಟನೂರಿನ ಮಗಳು. ಗಂಡ ದಾಸಣ್ಣ ಲಾರಿ ಓಡಿಸುತ್ತಿದ್ದರು. ತೊಂಬತ್ತೊಂದರಲ್ಲಿ ಅವರ ಸೊಂಟಕ್ಕೆ ಪೆಟ್ಟಾಗಿ ಮನೆ ಹಿಡಿದಾಗ ಇವರು ಗ್ಯಾರೇಜಿನಲ್ಲಿ ಸಾಮಾನು ತೊಳೆಯಲು ಬಂದರು. ಲಾರಿ ಚೆನ್ನಾಗಿ ಓಡಿದರೆ ಹೊಗಳಿಕೆ ಮೆಕ್ಯಾನಿಕ್ಕಿಗೆ. ಕೊಳವೆ ಉಜ್ಜಿದವರನ್ನು ಕೇಳುವವರಿಲ್ಲ. ಉಗುರಿನ ಕಪ್ಪಂತೂ ಯಾವ ಸೋಪಿಗೂ ಜಗ್ಗುವುದಿಲ್ಲ. "ಮದ್ವೆ ಮನ್ಯಾಗೆ ಬಡ್ಸಾಕೆ ಕರಿಯಲ್ಲ. ಮೊದ್ಲು ಬೇಜಾರಾಗ್ತಿತ್ತು. ಈಗ ಕುಂತು ಉಂಡು ಬರ್ತೀನಿ," ಎಂದು ನಗುತ್ತಾರೆ.

ಕೊಳವೆ ಬಿಚ್ಚಿದಾಗ ಎಂಜಿನ್ನಿನಲ್ಲಿ ಆರು ತೂತು ಕಾಣುತ್ತವೆ. ಒಳಗೆ ಕಿಟ್ಟ ಉದುರದಂತೆ ಅವಕ್ಕೆ ಬಟ್ಟೆ ತುರುಕಬೇಕು. ಕೆಂಚಕ್ಕನ ಎಣಿಕೆ ತವರಿನ ಕಣದ್ದು. ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ತೊಂಬತ್ತೆಂಟರಲ್ಲಿ ಗೊಲ್ಲಪ್ಪನ ಲಾರಿಯ ಬಟ್ಟೆ ತೆಗೆಯುವಾಗ ಅವಸರದಲ್ಲಿ ಕಣ್ಣು ಮುಚ್ಚಿ ಲಾಭ ಎಂದರು, ಮೊದಲ ತೂತಿಗೆ ಕೈ ಹಾಕಲಿಲ್ಲ. ಎರಡರಿಂದ ಆರರವರೆಗೆ ತೆಗೆದರು. ಉಳಿದ ಒಂದು ಬಟ್ಟೆ ಎಂಜಿನ್ ಸೇರಿ ವಾಲ್ವ್ ಬಾಗಿತು. ಲಾರಿ ದಾರಿಯಲ್ಲೇ ನಿಂತು ಅದರಲ್ಲಿದ್ದ ಈರುಳ್ಳಿ ಕೊಳೆಯಿತು.

"ಹಳೇ ಎಂಜಿನ್ ಅಂದ್ಬಿಡಾಣ, ಸುಮ್ನಿರು ಅಂತ ಮುದ್ದಪ್ಪಣ್ಣ ಅಂದ್ರು. ನನಗಾಗ್ಲಿಲ್ಲ. ಬಟ್ಟೆ ನಂದು, ತಪ್ಪು ನಂದು ಅಂದೆ." ಗೊಲ್ಲಪ್ಪ ಅಂದು ಬೈಯಲೂ ಇಲ್ಲ, ಎದ್ದು ಹೋದರು. ಅದೇ ಇವರನ್ನು ಆರು ವರ್ಷ ಚುಚ್ಚಿದೆ.

ಆಮೇಲೆ ಕೆಂಚಕ್ಕ ಹೊಸ ಪದ್ಧತಿ ಮಾಡಿಕೊಂಡರು. ಒಂದೇ ಹಗ್ಗಕ್ಕೆ ಆರು ಬಟ್ಟೆಯ ಉಂಡೆ, ಏಳನೇ ಗಂಟಿಗೆ ಲಾರಿಯ ಕೀ. ಆರೂ ಹೊರಬರದೆ ಕೀ ಬಿಚ್ಚುವಂತಿಲ್ಲ, ಗಾಡಿ ಹೊರಡುವಂತಿಲ್ಲ.

ಹತ್ತೂವರೆಗೆ ಕೊಳವೆ ಥಳಥಳಿಸುತ್ತದೆ. ಕೆಂಚಕ್ಕ ಹಗ್ಗದ ತುದಿಯನ್ನು ಗೊಲ್ಲಪ್ಪನ ಕೈಗೇ ಕೊಡುತ್ತಾರೆ. "ನೀವೇ ಎಳೀರಿ."

ಗೊಲ್ಲಪ್ಪ ಮೊದಲ ಉಂಡೆ ಎಳೆದು, ಮೆಲ್ಲಗೆ, "ಲಾಭ," ಎನ್ನುತ್ತಾರೆ. ಎರಡು. ಮೂರು. ಆರೂ ಬಂದ ಮೇಲೆ ಕೆಂಚಕ್ಕ ಏಳನೇ ಗಂಟು ಬಿಚ್ಚಿ ಕೀಯನ್ನು ಅವರ ಕೈಗಿಡುತ್ತಾರೆ.

ಮತ್ತೆ ಇಲ್ಲಿಗೇ ಯಾಕೆ ಬಂದಿರಿ ಎಂದು ಗೊಲ್ಲಪ್ಪನವರನ್ನು ಕೇಳುತ್ತೇನೆ. "ನಾಕು ಗ್ಯಾರೇಜ್ ತಿರುಗ್ದೆ. ಎಂಜಿನ್ ಇಳಿಸ್ಬೇಕು ಅಂದ್ರು. ಇಳಿಸಿ ಅವ್ರೇನ್ ಕೆಡಿಸಿದ್ರೂ ನನಗೆ ಹೇಳಲ್ಲ. ಈವಕ್ಕ ಹೇಳ್ತಾಳೆ."

ಕೆಂಚಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ; ಕೆನ್ನೆಗೆಲ್ಲ ಮಸಿ. ಕೊಳವೆ ಕೂರಿಸಿ ಬೋಲ್ಟ್ ಬಿಗಿಯುವಾಗ, ನಿಮಗೇನು ಆಸೆ ಎಂದು ಕೇಳುತ್ತೇನೆ. "ಹದಿಮೂರು ವರ್ಷ ಆತು, ಉಜ್ಜಿದ್ ಗಾಡಿ ಏರು ಹತ್ತೋದು ಒಂದಿನಾನೂ ನೋಡಿಲ್ಲ. ಒಂದ್ಸಲ ಕುಂತು ಹೋಗ್ಬೇಕು."

ಗೊಲ್ಲಪ್ಪ ಎಡಬದಿಯ ಬಾಗಿಲು ತೆರೆಯುತ್ತಾರೆ. "ಹತ್ತಕ್ಕ, ಹೋಗಾಣ."

ನಾನೂ ಪಕ್ಕದಲ್ಲಿ ಒತ್ತಿ ಕೂರುತ್ತೇನೆ. ಹೊಳಲ್ಕೆರೆ ರಸ್ತೆಯ ಏರು ಎದುರಾಗುತ್ತದೆ. ಅಭ್ಯಾಸಬಲದಿಂದ ಗೊಲ್ಲಪ್ಪನ ಕೈ ಗೇರಿನತ್ತ ಹೋಗುತ್ತದೆ. ಕಿಟಕಿಯಾಚೆ ಕರಿಹೊಗೆಯಿಲ್ಲ. ಕೆಂಚಕ್ಕ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಮಸಿಗೈ ಎತ್ತಿ ತಡೆಯುತ್ತಾರೆ.

"ಗೇರ್ ಇಳಿಸ್ಬೇಡ್ರಿ. ಹತ್ತುತೈತೆ."