ಸೋಮವಾರದ ಹಾಲು

ಮರಿಸ್ವಾಮಿ ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ. ದೂರದ ಸಂಬಂಧದಲ್ಲಿ ನನಗೆ ಭಾವನೂ ಆಗಬೇಕು. ಒಳ್ಳೆಯವನು, ಆದರೆ ಬಾಯಿ ಜಾಸ್ತಿ. ಶ್ರೀರಂಗಪಟ್ಟಣದಲ್ಲಿ ನಡೆದ ಯಾವುದೋ ಮೂರು ದಿನದ ಶಿಬಿರಕ್ಕೆ ಹೋಗಿ ಬಂದ ಮೇಲಂತೂ ಅವನ ಕಾಟ ತಡೆಯಲಾಗುತ್ತಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಸಗಣಿ ಬಾಚಿ, ಹಾಲು ಕರೆದು, ಚಳಿಯಲ್ಲಿ ನಡುಗುತ್ತ ಬಂದು ನಿಂತವರ ಮುಂದೆ ಅಳತೆ ಪಾತ್ರೆ ಹಿಡಿದುಕೊಂಡೇ ಶುರು ಮಾಡುತ್ತಿದ್ದ.

"ತತ್ವ ತಗೊಳಿ, ಧರ್ಮ ತಗೊಳಿ, ಸಮಾಜ ತಗೊಳಿ, ಮೂರ್ರಲ್ಲೂ ಮನುಸ ಒಂದೇಯಾ. ಬ್ಯಾರೆ ಬ್ಯಾರೆ ಅನ್ನೋದು ನಮ್ ಕಣ್ಣಿನ್ ದೋಸ ಕಣ್ರಲಾ."

"ಮೊದ್ಲು ಆಲ್ ಅಳಿ ಭಾವ, ನಾಗಮಂಗಲದ ಬಸ್ಸು ಓಯ್ತದೆ," ಅನ್ನುತ್ತಿದ್ದೆ ನಾನು.

ಅಳತೆಯಲ್ಲಿ ಮಾತ್ರ ಅವನನ್ನು ಯಾರೂ ಅನ್ನುವಂತಿರಲಿಲ್ಲ. ಸ್ವಂತ ಹೆಂಡತಿ ತಂದ ಹಾಲಿಗೆ ನೀರು ಬಿದ್ದಿದೆ ಎಂದು ಎಲ್ಲರೆದುರಿಗೆ ವಾಪಸ್ ಕಳಿಸಿದವನು. ಅವತ್ತು ರಾತ್ರಿ ಅವನಿಗೆ ಊಟ ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ.

ಡೇರಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಸಾಲು ಮಾತ್ರ ಎರಡು. ನಾವು ಗೌಡರ ಮನೆಯವರು ಹಾಕಿ ಹೋದ ಮೇಲೆ ಊರಾಚೆಯ ಕಾಲೋನಿಯವರು ಬರಬೇಕು. ಹಾಗಂತ ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮನುಷ್ಯ ಒಂದೇ ಎನ್ನುವ ಮರಿಸ್ವಾಮಿಯೂ ಆ ಸಾಲಿನ ಬಗ್ಗೆ ತುಟಿ ಬಿಚ್ಚಿದವನಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ನಾನು ಅವನನ್ನು ಎಷ್ಟೋ ಸಲ ರೇಗಿಸಿದ್ದೇನೆ. ರೇಗಿಸುತ್ತ ನಿಂತಿದ್ದದ್ದು ಮೊದಲನೇ ಸಾಲಿನಲ್ಲೇ ಅನ್ನಿ.

ಅವನ ಪಾಲಿಗೆ ಇನ್ನೊಂದು ಕೆಲಸವಿತ್ತು. ಪ್ರತಿ ಸೋಮವಾರ ಊರ ಈಶ್ವರನ ಗುಡಿಯ ಅಭಿಷೇಕಕ್ಕೆ ಒಂದು ಚೊಂಬು ಹಾಲು ಒಯ್ದು ಕೊಡಬೇಕು. ಪೂಜಾರಿಯದು ಒಂದೇ ಕಟ್ಟಪ್ಪಣೆ: ಸೀಮೆ ಹಸುವಿನ ಹಾಲು ದೇವರಿಗೆ ನಡೆಯದು, ನಾಟಿ ಹಸುವಿನದೇ ಆಗಬೇಕು. ಊರು ತಲೆದೂಗಿತು. ತಲೆದೂಗಿದ ಅದೇ ಊರು, ಡೇರಿ ಬಂದ ಮೇಲೆ ಹೆಚ್ಚು ಹಾಲಿನ ಆಸೆಗೆ ಬಿದ್ದು, ನಾಟಿ ಹಸುಗಳನ್ನು ಒಂದೊಂದಾಗಿ ಸಂತೆಗೆ ಹೊಡೆದು ಸೀಮೆ ಹಸು ತಂದು ಕಟ್ಟಿಕೊಂಡಿತು. ನಾನೂ ಕಟ್ಟಿಕೊಂಡೆ. ಆದರೂ ಸೋಮವಾರ ತಪ್ಪದೆ ಗುಡಿಗೆ ನಾಟಿ ಹಾಲು ಬರುತ್ತಿತ್ತು, ನಾವು ತಪ್ಪದೆ ಪಂಚಾಮೃತ ಕುಡಿಯುತ್ತಿದ್ದೆವು. ಅದು ಎಲ್ಲಿಂದ ಬರುತ್ತದೆ ಎಂದು ಏಳು ವರ್ಷ ಒಬ್ಬನಿಗೂ ಹೊಳೆಯಲಿಲ್ಲ. ಇಂಥ ದಡ್ಡರು ನಾಲ್ಕು ತಾಲ್ಲೂಕು ಸುತ್ತಿದರೂ ಸಿಗಲಾರರು.

ತೊಂಬತ್ತಾರನೇ ಇಸವಿ, ಕಾರ್ತಿಕದ ಕಡೆಯ ಸೋಮವಾರ. ಸಂಜೆ ಪೂಜೆಗೆ ಮುಂಚೆ ಗುಡಿಯ ಮುಂದೆ ಊರವರೆಲ್ಲ ಸೇರಿದ್ದೆವು. ಡೇರಿಯ ಅಧ್ಯಕ್ಷ ನಿಂಗರಾಜು ಗುಡಿಗೂ ಯಜಮಾನ. ನಾಗಮಂಗಲದಿಂದ ಒಂದು ಶಾಲು ತಂದಿದ್ದ. ಇಷ್ಟು ವರ್ಷ ದೇವರಿಗೆ ಹಾಲು ಕೊಟ್ಟ ಮನೆಯವರಿಗೆ ಹೊದಿಸಬೇಕು ಅನ್ನುವುದು ಅವನ ಆಸೆ. ಒಳ್ಳೆಯ ಆಸೆಯೇ.

"ಯಾರ್ ಮನೇದು ಯೋಳು ಮರಿಸ್ವಾಮಿ."

"ಶಾಲೂ ಬ್ಯಾಡ ಏನೂ ಬ್ಯಾಡ, ಬುಡು," ಎಂದ ಮರಿಸ್ವಾಮಿ. ಮುಖದ ಬಣ್ಣ ಹೋಗಿತ್ತು.

"ಯೋಳ್ಲಾ, ನಾಚ್ಕೆ ಯಾಕೆ?"

ನಾನು ಸುಮ್ಮನಿರಲಾರದೆ, ಯಾರ ಮನೆಯಲ್ಲಿ ನಾಟಿ ಹಸು ಉಳಿದಿದೆ ಎಂದು ಬೆರಳು ಮಡಿಸುತ್ತ ಹೋದೆ. ಮೇಲಿನ ಬೀದಿ, ಇಲ್ಲ. ಕೆಳಗಿನ ಬೀದಿ, ಇಲ್ಲ. ಕೆರೆ ಕಡೆಯ ಮನೆಗಳು, ಅಲ್ಲೂ ಇಲ್ಲ. ಊರಲ್ಲಿ ಉಳಿದಿದ್ದದ್ದು ಒಂದೇ ನಾಟಿ ಹಸು, ಕಾಲೋನಿಯ ಮುದುಕಿ ಮಂಚಮ್ಮನದು. ಬದುವಿನಲ್ಲಿ ಅವಳು ಅದನ್ನು ಮೇಯಿಸುವುದನ್ನು ದಿನಾ ನೋಡುತ್ತಿದ್ದೆನಲ್ಲ! ಸುಳ್ಳು ಹೇಳಿಬಿಡು ಭಾವ, ನಮ್ಮ ಮನೆ ಹೆಸರೇ ಹೇಳು, ಶಾಲು ನಾನೇ ಹೊದ್ದುಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಮಂಚಮ್ಮಂದು," ಎಂದ ಮರಿಸ್ವಾಮಿ.

ಶಾಲು ಬಿಚ್ಚುತ್ತಿದ್ದ ನಿಂಗರಾಜುವಿನ ಕೈ ಹಾಗೆಯೇ ನಿಂತಿತು. ಹಿಂದಿನಿಂದ ಒಬ್ಬ ಕ್ಯಾಕರಿಸಿ ಉಗಿದ, ಏಳು ವರ್ಷದ್ದೂ ಒಂದೇ ಸಲಕ್ಕೆ ಆಚೆ ಬರುವ ಹಾಗೆ. ನಿಜ ಹೇಳುತ್ತೇನೆ, ನಾನೂ ಪಂಚೆಯ ತುದಿಯಿಂದ ತುಟಿ ಒರೆಸಿಕೊಂಡೆ. ಹಾಗೆ ಒರೆಸಿಕೊಂಡಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಆದರೆ ಮೊದಲು ಮಾಡಿದ್ದು ಅದೇ.

"ದೇವ್ರನ್ನೇ ಕೆಡುಸ್ಬುಟ್ಯಲ್ಲೋ," ಎಂದು ನಿಂಗರಾಜು ಕೂಗಿದ. "ನಾಳಿಂದ ಅವಳ ಆಲು ಡೇರಿಗೂ ಬ್ಯಾಡ. ಅಳೆದ್ರೆ ನೋಡು!"

ಗಂಡನೂ ಇಲ್ಲದ, ಮಗನೂ ಇಲ್ಲದ ಮಂಚಮ್ಮನಿಗೆ ಆ ಹಸು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಮರಿಸ್ವಾಮಿ ಸೊಂಟದಿಂದ ಡೇರಿಯ ಬೀಗದ ಕೈ ತೆಗೆದು ಗುಡಿಯ ಮೆಟ್ಟಿಲ ಮೇಲೆ ಎಸೆದ.

"ಅವಳ್ದು ಅಳೀಬ್ಯಾಡ ಅಂದ್ರೆ ನಿಮ್ದೂ ನಾನು ಅಳೆಯಾಕಿಲ್ಲ."

ಅಂದವನೇ ಕಾಲೋನಿಯ ಕಡೆ ಬಿರಬಿರನೆ ನಡೆದ. ಸಮಾಧಾನ ಮಾಡಿ ಕರೆತರೋಣವೆಂದು ನಾನು ಹಿಂದೆಯೇ ಓಡಿದೆ.

ಮಂಚಮ್ಮ ಹಾಲು ಕರೆಯಲು ಕೂತಿದ್ದಳು. ಮರಿಸ್ವಾಮಿ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದ, ಸೋಮವಾರ ಅವಳು ಡೇರಿಗೆ ತಂದ ಹಾಲನ್ನು ಕ್ಯಾನಿಗೆ ಸುರಿಯದೆ ಗುಡಿಯ ಚೊಂಬಿಗೆ ಹೊಯ್ದುಕೊಳ್ಳುತ್ತಿದ್ದದ್ದನ್ನೂ ಸೇರಿಸಿ. ನಾಚಿಕೆಯಿಂದಲ್ಲ, ಹೆಮ್ಮೆಯಿಂದಲೇ ಹೇಳಿದ. ಮುದುಕಿ ಎದ್ದು ಕೈ ಮುಗಿದಾಳು ಎಂದು ನಾನೂ ಅಂದುಕೊಂಡೆ. ಅವಳು ಎದ್ದದ್ದೇನೋ ನಿಜ.

"ಏಳ್ ವರ್ಸವಾ?"

"ಊಂ ಕಣವ್ವ."

"ನಂಗ್ಯಾಕೆ ಯೋಳ್ನಿಲ್ಲ?"

"ಗೊತ್ತಾದ್ರೆ ಗಲಾಟೆ ಆಯ್ತದೆ ಅಂತವ. ದೇವ್ರಿಗೆ ನಾವೆಲ್ಲ ಒಂದೇ ಅಲ್ವ್ರಾ..."

"ತಗ್ದಾಕು ನಿನ್ ಒಂದೇನ," ಎಂದಳು ಮಂಚಮ್ಮ. "ಸ್ವಾಮಾರ ಸ್ವಾಮಾರ ನಾನು ರಸ್ತೇಲಿ ನಿಂತ್ಕಂಡು, ಅಭಿಸೇಕದ್ ಆಲು ಯಾರ್ ಮನೆ ಪುಣ್ಯವೋ ಅಂತ ಕೈ ಮುಗ್ದು ಬತ್ತಿದ್ದೆ. ನನ್ ಮಗ ಸತ್ತಾಗ, ದೇವ್ರಿಗೆ ನಾನೇನೂ ಕೊಡ್ನಿಲ್ಲ, ಅದ್ಕೇ ಕಿತ್ಕಂಡ ಅಂತ ನಿನ್ ಮುಂದೇನೇ ಅತ್ತಿದ್ದೆ. ಅವತ್ತಾದ್ರೂ ಯೋಳ್ಬಾರ್ದಿತ್ತಾ? ಆಲ್ನ ಒಳಿಕ್ ತಕ್ಕಂಡೋದೆ, ನನ್ನ ಆಚ್ಗೇ ಬುಟ್ಟೆ!"

ಮಾತಿನ ಮಲ್ಲ ಮರಿಸ್ವಾಮಿ ಕಪಾಳಕ್ಕೆ ಹೊಡೆಸಿಕೊಂಡವನ ಹಾಗೆ ನಿಂತುಬಿಟ್ಟ. ಗುಡಿಯ ಮುಂದೆ ಅಷ್ಟು ಜನ ಕೂಗಾಡಿದಾಗಲೂ ಅವನು ಹೀಗೆ ಕುಗ್ಗಿರಲಿಲ್ಲ. ಮಂಚಮ್ಮ ಮತ್ತೆ ಕೂತು ಹಾಲು ಕರೆದು ಮುಗಿಸಿದಳು. ಚೊಂಬು ತೊಳೆದು, ಹಾಲು ತುಂಬಿ, ಸೆರಗು ಹೊದ್ದು ಹೊರಟಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಹಿಂದೆ ಹಿಂದೆ ನಡೆದೆವು.

ಗುಡಿಯ ಮುಂದೆ ಜನ ಹಾಗೆಯೇ ಇದ್ದರು. ಮಂಚಮ್ಮ ಸೀದಾ ಮೆಟ್ಟಿಲ ಹತ್ತಿರ ಬಂದು ಚೊಂಬು ಮುಂದೆ ಹಿಡಿದಳು.

"ಈಸ್ಕಳಿ. ಇಲ್ಲಾಂದ್ರೆ ಏಳ್ ವರ್ಸದ್ನ ವಾಪಸ್ ಕೊಡ್ರಪ್ಪ."

ಪೂಜಾರಿ ನಿಂಗರಾಜುವಿನ ಮುಖ ನೋಡಿದ. ನಿಂಗರಾಜು ಕೈಯಲ್ಲಿದ್ದ ಶಾಲು ನೋಡಿಕೊಂಡ. ಕುಡಿದದ್ದನ್ನು ಯಾರು ಹೇಗೆ ವಾಪಸ್ ಕೊಡುವುದು? ಎಲ್ಲರಿಗಿಂತ ಹೆಚ್ಚು ಕುಡಿದವನು ಪೂಜಾರಿಯೇ. ಮರಿಸ್ವಾಮಿ ಮುಂದೆ ಬಂದು ಚೊಂಬಿಗೆ ಕೈ ಚಾಚಿದ.

"ನೀನ್ ಒಯ್ದಿದ್ದು ಸಾಕು," ಎಂದು ಅವಳು ಚೊಂಬು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಮೆಟ್ಟಿಲು ಹತ್ತಿದಳು.

ಮೊದಲನೇ ಮೆಟ್ಟಿಲ ಪಕ್ಕದಲ್ಲಿ ನಾನೇ ಇದ್ದೆ. ನಾನು ತಡೆಯಲಿಲ್ಲ ಎಂದು ಈಗ ಜಂಬ ಕೊಚ್ಚಿಕೊಳ್ಳಬಹುದು, ಆದರೆ ದಾರಿ ಬಿಟ್ಟವನೂ ನಾನಲ್ಲ. ಅವಳೇ ನನ್ನನ್ನು ಬಳಸಿಕೊಂಡು ಹೋದಳು. ನಿಂಗರಾಜು ಕೊನೆಗೆ ಬಗ್ಗಿ ಬೀಗದ ಕೈ ಎತ್ತಿ, ಮರಿಸ್ವಾಮಿಯ ಅಂಗೈಗೆ ತುರುಕಿ, "ಬೆಳಿಗ್ಗೆ ಒತ್ತಿಗೆ ಸರ್ಯಾಗಿ ಬಾಗ್ಲು ತಗಿ. ಎಲ್ರದ್ದೂ ಅಳಿ," ಎಂದಷ್ಟೇ ಹೇಳಿ ಮನೆಗೆ ಹೋದ. ಅವನ ಹಿಂದೆ ಅರ್ಧ ಜನವೂ ಹೋದರು.

ಉಳಿದವರು ಒಳಗೆ ಹೋದೆವು. ಪೂಜಾರಿ ಅವಳ ಕೈಯಿಂದಲೇ ಚೊಂಬು ತೆಗೆದುಕೊಂಡ. ಅಭ್ಯಾಸಬಲದಿಂದ ಕೇಳಿಬಿಟ್ಟ, "ಯಾರ ಹೆಸರಿಗಮ್ಮ?"

"ಊರ್ ಎಸ್ರಿಗೆ ಮಾಡ್ರಪ್ಪ," ಎಂದಳು ಮಂಚಮ್ಮ. "ನಾನೂ ಊರೋಳೇಯಾ."

ಪಂಚಾಮೃತ ಕೊಟ್ಟಾಗ ನನ್ನ ಕೈ ಮುಂದೆ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂತು. ಮರಿಸ್ವಾಮಿ ಎಲ್ಲಿ ಎಂದು ತಿರುಗಿ ನೋಡಿದೆ. ಅವನು ಕೆಳಗಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕೈ ಬೀಸಿ ಕರೆದರೂ ಏಳಲಿಲ್ಲ. ಮಂಚಮ್ಮನೂ ಅವನನ್ನು ನೋಡಿದಳು, ಕರೆಯಲಿಲ್ಲ.